ಎಳೆಯ ಮಗುವಿಗೆ ಯಾವ ಶಾಲೆ?

ಶಾಲೆಗಳು ಬಾಗಿಲು ತೆರೆಯುವುದು ಜೂನ್ ತಿಂಗಳ ಸುಮಾರಿಗಾದರೂ, ಮಕ್ಕಳನ್ನು ಎಲ್ಲಿಗೆ ಸೇರಿಸಬೇಕೆಂಬ ಚಿಂತೆ ಸಂಕ್ರಾಂತಿಯ ಎಳ್ಳುಬೆಲ್ಲ ಮುಗಿಯುವುದರೊಳಗಾಗಿಯೇ ಗೃಹಸ್ಥರನ್ನು ಹಿಡಿಯುವುದು ಈಚಿನ ವರುಷಗಳ ವಾಡಿಕೆಯಾಗಿದೆ. ಕುಣಿಗಲ್ ಪೇಟೆಯ ಗೋಡೆಗಳ ಮೇಲೆ ಖಾಸಗಿ ಶಾಲೆಗಳ ಪ್ರಕಟಣೆಗಳು ಆ ವೇಳೆಗಾಗಲೇ ಕಾಣಿಸಿಕೊಳ್ಳುತ್ತವೆ. ಕೊರಳಪಟ್ಟಿ ಧರಿಸಿದ ಮಗು ನಗುತ್ತಿರುವ ಚಿತ್ರ, ಇಂಗ್ಲಿಷಿನಲ್ಲಿ ನಾಲ್ಕು ಮಾತು, ವ್ಯಾನಿನ ಸೌಕರ್ಯ ಉಂಟೆಂಬ ಒಕ್ಕಣೆ. ಸರ್ಕಾರಿ ಶಾಲೆಯವರು ಇಂತಹ ಪ್ರಕಟಣೆಯನ್ನು ಅಂಟಿಸುವುದು ಅಪೂರ್ವ. ಅವರಿಗೆ ಅದರ ಅಗತ್ಯವಿಲ್ಲವೆಂದು ಒಂದು ಕಾಲದಲ್ಲಿ ಹೇಳಬಹುದಾಗಿತ್ತು. ಇಂದು ಹಾಗೆ ಹೇಳುವಂತಿಲ್ಲ.

ಈಗ್ಗೆ ಕೆಲವು ವಾರಗಳ ಹಿಂದೆ ನಮಗೆ ಪರಿಚಿತರಾದ ಗೃಹಸ್ಥರೊಬ್ಬರು ಕಾರ್ಯಾಲಯಕ್ಕೆ ಬಂದಿದ್ದರು. ಕಚೇರಿಯೊಂದರಲ್ಲಿ ಗುಮಾಸ್ತರು. ಪಟ್ಟಣದಿಂದ ಕೆಲವು ಮೈಲಿ ಆಚೆಯ ಹಳ್ಳಿಯಲ್ಲಿ ಮನೆ. ಮಗಳಿಗೆ ಜೂನ್ ವೇಳೆಗೆ ಆರು ತುಂಬುತ್ತದೆ. ಮನೆಯಿಂದ ಕೂಗಳತೆಯಲ್ಲಿ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಿದೆ. ಇಬ್ಬರು ಉಪಾಧ್ಯಾಯರು, 22 ಮಕ್ಕಳು. ಪಟ್ಟಣದಲ್ಲಿ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಯಿದೆ. ಅದರ ಹಳದಿ ವ್ಯಾನು ಬೆಳಿಗ್ಗೆ ಎಂಟಕ್ಕೆ ಮುನ್ನ ಊರಬಾಗಿಲಿಗೆ ಬಂದು ನೆರೆಮನೆಯ ಹುಡುಗನನ್ನು ಕರೆದೊಯ್ಯುತ್ತದೆ. “ನೀವು ಪತ್ರಿಕೆಯವರು, ನಾಲ್ಕೂ ಕಡೆ ಬಲ್ಲವರು. ಮಗುವನ್ನು ಎಲ್ಲಿಗೆ ಸೇರಿಸಲಿ?” ಎಂದು ಕೇಳಿದರು. ಸರ್ಕಾರಿ ಶಾಲೆಗೆ ಸೇರಿಸಿರೆಂದು ನಾವು ಥಟ್ಟನೆ ಹೇಳಿಬಿಟ್ಟೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ತಮ್ಮ ಮಕ್ಕಳು ಎಲ್ಲಿ ಓದಿದರು?” ಎಂದರು.

ಪಾಠಶಾಲೆಯ ಚಾಪೆಯ ಮೇಲೆ ಅಕ್ಷರ ಕಲಿತು ಮೆಟ್ರಿಕ್ಯುಲೇಷನ್ ಮುಟ್ಟಿದ ನಾವು, ಕನ್ನಡದ ಏಳಿಗೆಗಾಗಿ ಇದೇ ಅಂಕಣಗಳಲ್ಲಿ ವರುಷಗಟ್ಟಲೆ ಬರೆದ ನಾವು, ನಮ್ಮ ಹಿರಿಯ ಮಗನನ್ನು ಸೇರಿಸಿದ್ದು ಶುಲ್ಕ ತೆಗೆದುಕೊಳ್ಳುವ ಇಂಗ್ಲಿಷ್ ಶಾಲೆಗೆ. ಈ ಸಂಗತಿಯನ್ನು ಮುಚ್ಚಿಟ್ಟು ಮುಂದಿನ ಮಾತುಗಳನ್ನು ಬರೆಯುವುದು ಸರಿಯಾಗಲಾರದು. ಥಟ್ಟನೆ ಕೊಟ್ಟ ಉತ್ತರವನ್ನು ನಾವು ಅಂದು ಹಿಂತೆಗೆದುಕೊಂಡೆವು. ವಿಚಾರ ಮಾಡಿ ಹೇಳುತ್ತೇವೆಂದೆವು. ಆ ವಿಚಾರವನ್ನೇ ವಾಚಕರ ಮುಂದೆ ಇಡುತ್ತಿದ್ದೇವೆ.

ಖಾಸಗಿ ಶಾಲೆಯೆಂಬುದು ಹೊಸ ವಸ್ತುವೆಂದೂ ಸರ್ಕಾರಿ ಶಾಲೆ ಅನಾದಿಯಿಂದ ಬಂದುದೆಂದೂ ಅನೇಕರ ಭಾವನೆ. ನಿಜಸ್ಥಿತಿ ತಿರುಗಮುರುಗವಾಗಿದೆ. ಹಿಂದಿನವರ ಕೂಲಿಮಠ ಖಾಸಗಿ ಶಾಲೆಯಲ್ಲದೆ ಮತ್ತೇನು? ಐಗಳು ಜಗಲಿಯ ಮೇಲೆ ಕುಳಿತು ಮರಳಿನಲ್ಲಿ ಅಕ್ಷರ ತಿದ್ದಿಸುತ್ತಿದ್ದರು. ಕೊಡಬಲ್ಲವರು ದವಸವನ್ನೋ ದುಡ್ಡನ್ನೋ ಕೊಟ್ಟು ಮಕ್ಕಳನ್ನು ಓದಿಸುತ್ತಿದ್ದರು. ಕೊಡಲಾರದವನ ಮಗ ದನ ಕಾಯುತ್ತಿದ್ದ. ಹೆಣ್ಣುಮಕ್ಕಳೂ, ಊರ ಹೊರಗೆ ಇಡಲ್ಪಟ್ಟಿದ್ದ ಜನರ ಮಕ್ಕಳೂ ಆ ಜಗಲಿಯ ಹತ್ತಿರ ಸುಳಿಯುವಂತಿರಲಿಲ್ಲ. ಊರಿನ ಎಲ್ಲ ಮಕ್ಕಳಿಗೂ ಬಾಗಿಲು ತೆರೆದ, ಬೊಕ್ಕಸದ ಹಣದಿಂದ ನಡೆಯುವ ಶಾಲೆಯೇ ಹೊಸ ಆಲೋಚನೆ. ಮೈಸೂರು ಸಂಸ್ಥಾನದಲ್ಲಿ ಅದಕ್ಕೆ ರೂಪು ಬಂದುದು 1868ರಲ್ಲಿ, ಬಿ. ಎಲ್. ರೈಸ್ ಅವರ ಹೋಬಳಿ ಶಾಲೆಗಳ ಯೋಜನೆಯಿಂದ. ಶಾಸನಗಳ ಸಂಪಾದಕರೆಂದು ನಾವು ಗೌರವಿಸುವ ರೈಸರೇ ಇವರು. ತುಮಕೂರು ಜಿಲ್ಲೆಯ ಶಾಸನಗಳು ಅವರ 12ನೆಯ ಸಂಪುಟದಲ್ಲಿ 1904ರಲ್ಲಿ ಅಚ್ಚಾದುವು. ಹೋಬಳಿಗೊಂದು ಶಾಲೆಯಾದರೂ ಇರಲಿ ಎಂಬುದು ಅವರ ಎಣಿಕೆ. ಇಂದು ಕುಣಿಗಲ್ ತಾಲ್ಲೂಕಿನ ಕಸಬಾ, ಎಡೆಯೂರು, ಅಮೃತೂರು, ಹುಲಿಯೂರುದುರ್ಗ, ಹುತ್ರಿದುರ್ಗ, ಕೊತ್ತಗೆರೆ ಹೋಬಳಿಗಳಲ್ಲಿ ಹಳ್ಳಿಹಳ್ಳಿಗೂ ಹಬ್ಬಿರುವ ಶಾಲೆಗಳ ಬೇರು ಅಲ್ಲಿದೆ.

ಕಡ್ಡಾಯ ಶಿಕ್ಷಣದ ಮಾತೂ ಸುಲಭವಾಗಿ ನಡೆದುದಲ್ಲ. ಬರೋಡದ ಗಾಯಕವಾಡರು 1906ರಲ್ಲಿ ತಮ್ಮ ಸಂಸ್ಥಾನದಾದ್ಯಂತ ಅದನ್ನು ಜಾರಿಗೆ ತಂದರು. ಗೋಖಲೆಯವರು 1911ರಲ್ಲಿ ಬ್ರಿಟಿಷ್ ಇಂಡಿಯಾಕ್ಕಾಗಿ ತಂದ ಮಸೂದೆ ಮರುವರುಷ 38ಕ್ಕೆ 13 ಮತಗಳಿಂದ ಬಿದ್ದುಹೋಯಿತು. ಬಡಮಕ್ಕಳು ಓದಿದರೆ ಹೊಲದ ಕೆಲಸಕ್ಕೆ ಆಳು ಸಿಕ್ಕುವುದಿಲ್ಲವೆಂದು ಅಂಜಿದವರಲ್ಲಿ ನಮ್ಮವರೂ ಇದ್ದರೆಂಬುದನ್ನು ಮರೆಯಬಾರದು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರಿನಲ್ಲಿ 1913ರ ರೆಗ್ಯುಲೇಷನ್ ಬಂದಿತು. ಸ್ವತಂತ್ರ ಭಾರತದ ಸಂವಿಧಾನ ಹತ್ತು ವರುಷದೊಳಗೆ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣವೆಂದಿತು. ಅದು ಮೂಲಭೂತ ಹಕ್ಕೆಂದು ಸಂವಿಧಾನದಲ್ಲಿ ಸೇರಿದ್ದು 2002ರಲ್ಲಿ, ಕಾಯಿದೆಯಾದದ್ದು 2009ರಲ್ಲಿ, ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಹತ್ತು ವರುಷ ಅರುವತ್ತಾಯಿತು. ಇಷ್ಟು ತಡವಾಗಿ ಕೈಗೆ ಬಂದ ವಸ್ತುವನ್ನು ನಾವು ಇಷ್ಟು ಬೇಗ ಬೇಡವೆನ್ನುತ್ತಿರುವುದೇಕೆ?

ಈ ಪ್ರಶ್ನೆಗೆ ಕೆಲವರು, ದೊಡ್ಡವರೆಲ್ಲ ಸರ್ಕಾರಿ ಶಾಲೆಯಲ್ಲಿಯೇ ಓದಿದವರೆಂದು ಒಂದು ಪಟ್ಟಿ ಓದಿ ಸಮಾಧಾನಪಟ್ಟುಕೊಳ್ಳುತ್ತಾರೆ. ನಮಗೆ ಈ ವಾದದಲ್ಲಿ ರುಚಿಯಿಲ್ಲ. ಅಂದು ಹಳ್ಳಿಗಾಡಿನಲ್ಲಿ ಇದ್ದುದೇ ಅದೊಂದು. ದೊಡ್ಡವರಾದವರೂ ಅಲ್ಲಿಯೇ ಓದಿದರು, ನಾಲ್ಕನೆಯ ತರಗತಿಗೆ ಓದು ಬಿಟ್ಟವರೂ ಅಲ್ಲಿಯೇ ಓದಿದರು. ಮಗುವಿನ ತಂದೆ ಕೇಳುತ್ತಿರುವುದು ಬರುವ ಜೂನ್ ತಿಂಗಳ ಶಾಲೆಯನ್ನು ಕುರಿತು.

ಆದುದರಿಂದ ಇಂದಿನ ಲೆಕ್ಕವನ್ನೇ ನೋಡೋಣ. ದೇಶದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳ ಕೈಗೆ ಪುಸ್ತಕ ಕೊಟ್ಟು ಓದಿಸಿ ನೋಡುವ ‘ಅಸರ್’ ಎಂಬ ಸಮೀಕ್ಷೆಯೊಂದುಂಟು. ಅದರ 2024ರ ವರದಿಯಂತೆ, ಐದನೆಯ ತರಗತಿಯಲ್ಲಿದ್ದು ಎರಡನೆಯ ತರಗತಿಯ ಪಾಠವನ್ನು ಓದಬಲ್ಲ ಮಕ್ಕಳು ಸರ್ಕಾರಿ ಶಾಲೆಗಳಲ್ಲಿ ನೂರಕ್ಕೆ ಸುಮಾರು 45. ಖಾಸಗಿ ಶಾಲೆಗಳಲ್ಲಿ ಸುಮಾರು 59. ಹದಿನಾಲ್ಕರ ಅಂತರವನ್ನು ಖಾಸಗಿ ಶಾಲೆಯವರು ಎತ್ತಿ ತೋರಿಸುತ್ತಾರೆ. ನಮ್ಮ ಕಣ್ಣಿಗೆ ಬೀಳುವುದು ಶುಲ್ಕ ತೆತ್ತೂ ಓದಲು ಬಾರದ ಉಳಿದ ನಲವತ್ತು ಮಂದಿ. ಅದಲ್ಲದೆ, ಖಾಸಗಿ ಶಾಲೆಗೆ ಹೋಗುವ ಮಗುವಿನ ಮನೆಯಲ್ಲಿ ಓದು ಬಲ್ಲ ತಾಯಿ, ಒಂದು ಮೇಜು, ಸಂಜೆಯ ಮನೆಪಾಠ ಇವು ಮೊದಲೇ ಇರುವುದು ಹೆಚ್ಚು. ಅಂತರದಲ್ಲಿ ಶಾಲೆಯ ಪಾಲೆಷ್ಟು, ಮನೆಯ ಪಾಲೆಷ್ಟು?

ಇದನ್ನು ಅಳೆಯುವ ಪ್ರಯತ್ನವೊಂದು ನಮ್ಮ ನೆರೆಯ ಆಂಧ್ರದಲ್ಲಿ ನಡೆಯಿತು. 2008ರಿಂದ ನಾಲ್ಕು ವರುಷ, 180 ಹಳ್ಳಿಗಳಲ್ಲಿ, ಸರ್ಕಾರಿ ಶಾಲೆಯ ಮಕ್ಕಳ ಪೈಕಿ ಇಷ್ಟಪಟ್ಟವರ ಹೆಸರುಗಳನ್ನು ಲಾಟರಿ ಎತ್ತಿ, ಚೀಟಿ ಬಂದವರನ್ನು ಖರ್ಚು ಕೊಟ್ಟು ಖಾಸಗಿ ಶಾಲೆಗೆ ಕಳುಹಿಸಲಾಯಿತು. ಚೀಟಿ ಬಾರದವರು ಇದ್ದಲ್ಲಿಯೇ ಉಳಿದರು. ಎರಡು ಗುಂಪಿನವರ ಮನೆಗಳೂ ಒಂದೇ ತರದವು. ನಾಲ್ಕು ವರುಷದ ಮೇಲೆ ಪರೀಕ್ಷಿಸಿದಾಗ ತೆಲುಗಿನಲ್ಲಿಯೂ ಲೆಕ್ಕದಲ್ಲಿಯೂ ಇವರಿಗೂ ಅವರಿಗೂ ಭೇದ ಕಾಣಲಿಲ್ಲ. ಖಾಸಗಿ ಶಾಲೆಯವರು ಸ್ಪಷ್ಟವಾಗಿ ಮುಂದಿದ್ದುದು, ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಕಲಿಸದಿದ್ದ ಹಿಂದಿಯಲ್ಲಿ. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಎಂಬ ವಿದ್ವಾಂಸರು 2015ರಲ್ಲಿ ಇದನ್ನು ಪ್ರಕಟಿಸಿದರು. ಸರ್ಕಾರಿ ಶಾಲೆಯ ಪಕ್ಷದವರು ಇಷ್ಟಕ್ಕೇ ಹಿಗ್ಗಬೇಕಾಗಿಲ್ಲ. ಆ ಖಾಸಗಿ ಶಾಲೆಗಳು ಒಂದು ಮಗುವಿಗೆ ಮಾಡಿದ ವೆಚ್ಚ ಸರ್ಕಾರ ಮಾಡಿದುದರ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆಯೆಂದು ಅದೇ ಬರಹ ಹೇಳುತ್ತದೆ. ಮೂರು ಪಾಲು ಖರ್ಚು ಮಾಡಿ ಸಮಸಮ ಬಂದೆವೆಂದು ಬೀಗುವುದು ಹೇಗೆ? ಈ ಮಾತನ್ನು ಅಧಿಕಾರಿಗಳಾದ ನಮ್ಮ ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. ತಂದೆಗೆ ಬೇಕಾದುದು ಮೊದಲಿನ ಮಾತು: ಹಲಗೆಯ ಮೇಲಿನ ಹೆಸರು ಬದಲಾದ ಮಾತ್ರಕ್ಕೆ ಮಗುವಿಗೆ ಓದು ಬರುವುದಿಲ್ಲ.

ಖಾಸಗಿ ಎಂಬ ಒಂದೇ ಮಾತಿನೊಳಗೆ ನಾವು ಎಷ್ಟು ಬಗೆಯನ್ನು ತುರುಕುತ್ತೇವೆಂಬುದೂ ಗಮನಿಸತಕ್ಕದ್ದು. 2019ರ ಜನವರಿಯಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ನಮ್ಮ ಜಿಲ್ಲೆಯ ಸಿದ್ಧಗಂಗೆಯಲ್ಲಿ ಸಾವಿರಾರು ಬಡಮಕ್ಕಳಿಗೆ ಅನ್ನ, ವಸತಿ, ವಿದ್ಯೆಗಳನ್ನು ಕೊಟ್ಟು ಬೆಳೆಸಿದ ಶಾಲೆಗಳು ಸರ್ಕಾರದವಲ್ಲ. ಸರ್ಕಾರದ ಅನುದಾನದಿಂದ ನಡೆಯುವ ಹಳೆಯ ಸಂಸ್ಥೆಗಳೂ ಉಂಟು. ಬಾಡಿಗೆ ಮನೆಯ ಎರಡನೆಯ ಮಹಡಿಯಲ್ಲಿ ತಗಡಿನ ಚಪ್ಪರ ಹಾಕಿ ನಡೆಸುವ ಅಂಗಡಿಯೂ ಖಾಸಗಿ ಶಾಲೆಯೇ. ಸರ್ಕಾರಿ ಶಾಲೆಗಳಲ್ಲಿಯೂ ಅಷ್ಟೇ ವ್ಯತ್ಯಾಸ. ಒಬ್ಬ ಉಪಾಧ್ಯಾಯಿನಿ ವರ್ಗವಾಗಿ ಹೋದರೆ ಒಂದು ಶಾಲೆ ಬಡವಾಗುವುದನ್ನೂ, ಒಬ್ಬರು ಬಂದರೆ ಚಿಗುರುವುದನ್ನೂ ನಾವೆಲ್ಲ ನೋಡಿದ್ದೇವೆ.

ಹಾಗಾದರೆ ನೋಡತಕ್ಕದ್ದು ಏನು? ಮೊದಲು ಉಪಾಧ್ಯಾಯರನ್ನು. 2009ರ ಕಾಯಿದೆಯಂತೆ ಒಂದರಿಂದ ಐದರವರೆಗಿನ ಶಾಲೆಯಲ್ಲಿ ಮಕ್ಕಳು 60ರವರೆಗಿದ್ದರೆ ಇಬ್ಬರು ಉಪಾಧ್ಯಾಯರು. ತರಗತಿಗಳು ಐದು, ಕೈಗಳು ಎರಡು. ಅವರಲ್ಲಿ ಒಬ್ಬರು ತರಬೇತಿಗೋ ಸಭೆಗೋ ಮತದಾರರ ಪಟ್ಟಿಯ ಕೆಲಸಕ್ಕೋ ಹೋದ ದಿನ ಉಳಿದವರು ಪಾಠ ಹೇಳುವವರಾಗಿರದೆ ಮಕ್ಕಳನ್ನು ಕಾಯುವವರಾಗುತ್ತಾರೆ. ಜನಗಣತಿ, ವಿಪತ್ತು, ಚುನಾವಣೆ ಇವುಗಳ ಹೊರತು ಬೇರೆ ಕೆಲಸಕ್ಕೆ ಉಪಾಧ್ಯಾಯರನ್ನು ಹಚ್ಚಬಾರದೆಂದು ಅದೇ ಕಾಯಿದೆ ಹೇಳುತ್ತದೆ. ಆದರೆ ಬಿಟ್ಟುಕೊಟ್ಟ ಆ ಮೂರು ಬಾಗಿಲುಗಳೇ ಸಾಕಷ್ಟು ಅಗಲವಾಗಿವೆ. ಖಾಸಗಿ ಶಾಲೆಯಲ್ಲಿ ತರಗತಿಗೊಬ್ಬ ಉಪಾಧ್ಯಾಯಿನಿ ಇರುತ್ತಾಳೆ. ಆದರೆ ಆಕೆಗೆ ದೊರೆಯುವ ಸಂಬಳ ಸರ್ಕಾರಿ ಉಪಾಧ್ಯಾಯರ ಸಂಬಳದ ಬಹು ಸಣ್ಣ ಪಾಲು. ಉತ್ತಮ ಕೆಲಸ ಸಿಕ್ಕ ದಿನ ಆಕೆ ಹೊರಡುತ್ತಾಳೆ. ಒಂದು ಕಡೆ ಓದು ಬಲ್ಲ, ಬಿಡುವಿಲ್ಲದ ಗುರುಗಳು. ಇನ್ನೊಂದು ಕಡೆ ಬಿಡುವುಳ್ಳ, ನೆಲೆಯಿಲ್ಲದ ಗುರುಗಳು. ಈ ವರುಷ, ಈ ಶಾಲೆಯಲ್ಲಿ, ಒಂದನೆಯ ತರಗತಿಗೆ ಯಾರು ಕೂರುತ್ತಾರೆ ಎಂದು ಕೇಳದೆ ಅರ್ಜಿಗೆ ಸಹಿ ಹಾಕಬಾರದು.

ಎರಡನೆಯದಾಗಿ, ನೋಡಿದುದನ್ನು ಅರ್ಥಮಾಡಿಕೊಳ್ಳಬೇಕು. ಸರ್ಕಾರಿ ಶಾಲೆಗೆ ಇಣುಕಿದ ತಂದೆಗೆ ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ನೆಲದ ಮೇಲೆ ಗುಂಪುಗೂಡಿ ಚೀಟಿಗಳನ್ನು ಜೋಡಿಸುತ್ತಿರುವುದು ಕಂಡು, ಇಲ್ಲಿ ಪಾಠವೇ ನಡೆಯುವುದಿಲ್ಲವೆಂದು ತೋರುವುದುಂಟು. ಅದು ನಲಿ-ಕಲಿ. ಹೆಗ್ಗಡದೇವನಕೋಟೆಯ ಉಪಾಧ್ಯಾಯರು ಆಂಧ್ರದ ರಿಷಿವ್ಯಾಲಿಯ ಗ್ರಾಮಶಾಲೆಗಳನ್ನು ನೋಡಿಬಂದು 1995ರಲ್ಲಿ ಆರಂಭಿಸಿದ ಪದ್ಧತಿಯಿದು. 2009ರ ಸುಮಾರಿಗೆ ನಾಡಿನ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂದಿತು. ಮಗು ತನ್ನ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಹೋಗುತ್ತದೆ. ಹಿಂದೆ ಬಿದ್ದವನಿಗೆ ಬೈಗುಳಿಲ್ಲ. ಮನಸ್ಸಿಟ್ಟು ಮಾಡುವವರ ಕೈಯಲ್ಲಿ ಇದು ಆರು ವರುಷದ ಮಗುವಿಗೆ ಒಪ್ಪುವ ಪದ್ಧತಿಯೆಂದೇ ನಮ್ಮ ಅಭಿಪ್ರಾಯ. ಮನಸ್ಸಿಲ್ಲದವರ ಕೈಯಲ್ಲಿ ಚೀಟಿಗಳು ಚೀಟಿಗಳಾಗಿಯೇ ಉಳಿಯುತ್ತವೆ. ಅಂತೆಯೇ ಖಾಸಗಿ ಶಾಲೆಯಲ್ಲಿ ಮಕ್ಕಳು ಸಾಲಾಗಿ ಕುಳಿತು ಒಂದೇ ದನಿಯಲ್ಲಿ ಇಂಗ್ಲಿಷ್ ಒಪ್ಪಿಸುವುದನ್ನು ಕೇಳಿ ತಂದೆಯ ಕಣ್ಣು ತುಂಬುವುದುಂಟು. ಅಂತಹ ಮಗುವೊಂದನ್ನು ಹತ್ತಿರ ಕೂರಿಸಿಕೊಂಡು, ನೋಟುಬುಕ್ಕಿನಲ್ಲಿ ಆತ ಮುತ್ತಿನಂತೆ ಬರೆದಿದ್ದ ವಾಕ್ಯದ ಅರ್ಥವೇನೆಂದು ನಾವು ಒಮ್ಮೆ ಕೇಳಿದೆವು. ಮಗು ನಮ್ಮ ಮುಖ ನೋಡಿತು. ಅರ್ಥವೆಂಬುದೊಂದು ಇರಬೇಕೆಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ಇಲ್ಲಿಗೆ ಭಾಷೆಯ ಪ್ರಶ್ನೆ ಬರುತ್ತದೆ. ಒಂದರಿಂದ ನಾಲ್ಕರವರೆಗೆ ಮಾತೃಭಾಷೆಯಲ್ಲಿಯೋ ಕನ್ನಡದಲ್ಲಿಯೋ ಕಲಿಸಬೇಕೆಂದು ನಮ್ಮ ಸರ್ಕಾರ 1994ರಲ್ಲಿ ಆಜ್ಞೆ ಮಾಡಿತ್ತು. ಇಪ್ಪತ್ತು ವರುಷ ವ್ಯಾಜ್ಯ ನಡೆದು, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮಾಧ್ಯಮವನ್ನು ಆರಿಸುವ ಹಕ್ಕು ಮಗುವಿನ ಪರವಾಗಿ ತಾಯಿತಂದೆಗಳಿಗೆ ಸೇರಿದ್ದು, ಸರ್ಕಾರ ಬಲವಂತ ಮಾಡಲಾಗದು ಎಂದು ತೀರ್ಪಿತ್ತಿತು. ಅಂದು ನಾವು ಬಹಳ ವ್ಯಥೆಪಟ್ಟೆವು. 2019ರಲ್ಲಿ ಸರ್ಕಾರವೇ ತನ್ನ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಿತು. ಆದುದರಿಂದ ಸರ್ಕಾರಿ ಎಂದರೆ ಕನ್ನಡ, ಖಾಸಗಿ ಎಂದರೆ ಇಂಗ್ಲಿಷ್ ಎಂಬ ಹಳೆಯ ಸಮೀಕರಣವೂ ಈಗ ಪೂರ್ತಿ ನಿಜವಾಗಿ ಉಳಿದಿಲ್ಲ. ಕನ್ನಡ ಮಾಧ್ಯಮದಲ್ಲಿಯೂ 2007ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುತ್ತಾರೆಂಬುದನ್ನು ಅನೇಕ ಪೋಷಕರು ಅರಿಯರು.

ತನಗೆ ತಿಳಿಯುವ ಮಾತಿನಲ್ಲಿ ಓದುವುದನ್ನು ಕಲಿತ ಮಗು ಎರಡನೆಯ ಭಾಷೆಯನ್ನು ಸುಲಭವಾಗಿ ಓದುತ್ತದೆ ಎಂದು ನಾವು ಆ ಗೃಹಸ್ಥರಿಗೆ ಹೇಳಿ ಕಳುಹಿಸಿದೆವು. ಮರುವಾರ ಅವರು ಹೆಂಡತಿಯನ್ನೂ ಕರೆತಂದರು. ಆಕೆ ಹೆಚ್ಚು ಮಾತನಾಡುವ ಹೆಂಗಸಲ್ಲ. ಆಡಿದ ಮಾತು ನಮ್ಮನ್ನು ಈಗಲೂ ಚುಚ್ಚುತ್ತಿದೆ. “ನಾನು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಶಾಲೆಗೇ ಮೊದಲಿಗಳಾಗಿ ಪಾಸಾದೆ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡೆ. ಮೊದಲ ದಿನದಿಂದ ಎಲ್ಲವೂ ಇಂಗ್ಲಿಷು. ಮೇಷ್ಟ್ರು ಹೇಳುತ್ತಿದ್ದುದು ಗೊತ್ತಿದ್ದ ವಿಷಯವೇ ಎಂಬುದು ನನಗೆ ತಿಳಿದದ್ದು ಫೇಲಾದ ಮೇಲೆ. ನನ್ನ ಮಗಳಿಗೂ ಅದೇ ಆಗಲಿ ಅನ್ನುತ್ತೀರಾ?”

ನಾವು ಉತ್ತರ ಕೊಡಲಾರದೆ ಹೋದೆವು. ಏಕೆಂದರೆ ಆಕೆ ದೂರುತ್ತಿದ್ದುದು ಒಂದನೆಯ ತರಗತಿಯ ಕನ್ನಡವನ್ನಲ್ಲ. ಹತ್ತಕ್ಕೂ ಹನ್ನೊಂದಕ್ಕೂ ನಡುವೆ ಎದ್ದಿರುವ ಗೋಡೆಯನ್ನು. ಆ ಗೋಡೆಯನ್ನು ಕಟ್ಟಿದವರು ಹಳ್ಳಿಯ ಉಪಾಧ್ಯಾಯರಲ್ಲ. ಕನ್ನಡಕ್ಕಾಗಿ ಹೋರಾಡಿದ ನಾವು ಎಳೆಯ ಮಕ್ಕಳ ತರಗತಿಯ ಬಾಗಿಲಲ್ಲಿ ನಿಂತು ಕೂಗಿದೆವು. ವಿಜ್ಞಾನದ ಕಾಲೇಜಿನ ಬಾಗಿಲಿಗೆ ಹೋಗಲಿಲ್ಲ. ಹತ್ತು ವರುಷ ಕನ್ನಡದಲ್ಲಿ ಓದಿದ ಹುಡುಗಿಗೆ ಆ ಗೋಡೆಯನ್ನು ಹತ್ತಲು ಒಂದು ಏಣಿ, ಅಂದರೆ ಎಂಟು ಒಂಬತ್ತನೆಯ ತರಗತಿಗಳಲ್ಲಿ ನಿಜವಾಗಿ ಕಲಿಸುವ ಇಂಗ್ಲಿಷು, ಕಾಲೇಜಿನಲ್ಲಿ ಎರಡು ಭಾಷೆಯಲ್ಲಿಯೂ ಹೇಳುವ ಪಾಠ, ಇವನ್ನು ನಾವು ಕೇಳಿ ಪಡೆಯಲಿಲ್ಲ. ತಾಯಿ ಹನ್ನೆರಡು ವರುಷ ಮುಂದಿನ ಭಯದಿಂದ ಆರು ವರುಷದ ಮಗುವನ್ನು ವ್ಯಾನಿಗೆ ಹತ್ತಿಸಲು ಹೊರಟಿದ್ದಾಳೆ. ಅದನ್ನು ವ್ಯಾಮೋಹವೆಂದು ಕರೆಯುವುದು ನಮ್ಮಂತಹ ಪತ್ರಿಕೆಗಳಿಗೆ ರೂಢಿಯಾಗಿಬಿಟ್ಟಿದೆ. ಅದು ಲೆಕ್ಕಾಚಾರ, ತಪ್ಪಿರಬಹುದು, ಆದರೆ ಬುದ್ಧಿಯಿಲ್ಲದ್ದಲ್ಲ. 2017ರಲ್ಲಿ ಬೆಂಗಳೂರಿಗೂ ಹಾಸನಕ್ಕೂ ನೇರ ರೈಲು ಬಂದ ಮೇಲಂತೂ ಕುಣಿಗಲ್ಲಿನವರಿಗೆ ರಾಜಧಾನಿ ದಿನವೂ ಕಣ್ಣಿಗೆ ಬೀಳುತ್ತಿದೆ. ಅಲ್ಲಿನ ಕೆಲಸಗಳ ಭಾಷೆ ಯಾವುದೆಂದು ಅವರಿಗೆ ಗೊತ್ತು.

ಆಕೆಗೆ ನಾವು ಕೊನೆಗೆ ಹೇಳಿದುದಿಷ್ಟು: ಗೋಡೆ ಇರುವುದು ನಿಜ; ಆದರೆ ಅದನ್ನು ಹತ್ತುವವರಿಗೆ ಮೊದಲು ಕಾಲು ಗಟ್ಟಿಯಾಗಬೇಕು. ಏಳೆಂಟು ವರುಷದೊಳಗೆ ಮಗು ಯಾವುದಾದರೊಂದು ಭಾಷೆಯಲ್ಲಿ ಅರ್ಥವಾಗಿ ಓದುವುದನ್ನು ಕಲಿಯಬೇಕು. ಮನೆಯಲ್ಲಿ ಇಂಗ್ಲಿಷು ಕಿವಿಗೆ ಬೀಳದ ಮಗುವಿಗೆ ಆ ಭಾಷೆ ಮೊದಲು ಕನ್ನಡವಾಗಿರುವುದು ಮೇಲು. ಐದು ಮುಗಿದ ಮೇಲೆ ಹೇಗೂ ಬೇರೆ ಶಾಲೆಗೆ ಹೋಗಲೇಬೇಕು. ಆಗ ಮಾಧ್ಯಮದ ಮಾತನ್ನು ಮತ್ತೆ ಎತ್ತಬಹುದು. ಅಷ್ಟರೊಳಗೆ ಮಗುವಿನ ಇಂಗ್ಲಿಷ್ ಪಾಠವನ್ನು ತಾಯಿಯೇ ವಾರವಾರವೂ ನೋಡಲಿ. ಇದು ಹೊಣೆ ಹೊರಿಸುವ ಸಲಹೆ. ಶುಲ್ಕ ಕಟ್ಟಿದರೆ ಹೊಣೆ ಇಳಿಯಿತೆಂದು ತೋರುವಷ್ಟು ಹಗುರವಾದುದಲ್ಲ. ಆದರೆ ಶುಲ್ಕ ಕಟ್ಟಿದರೂ ಅದು ಇಳಿಯುವುದಿಲ್ಲ.

ಬಡವರಿಗೆ ಈ ಆಯ್ಕೆಯೂ ಇಲ್ಲವೆಂಬುದನ್ನು ಇಲ್ಲಿ ಸೇರಿಸಬೇಕು. ಖಾಸಗಿ ಶಾಲೆಗಳ ಆರಂಭದ ತರಗತಿಯಲ್ಲಿ ನಾಲ್ಕರಲ್ಲೊಂದು ಸ್ಥಾನ ಬಡಮಕ್ಕಳಿಗೆ ಉಚಿತವಾಗಿ ಮೀಸಲೆಂದು 2009ರ ಕಾಯಿದೆ ಹೇಳಿತ್ತು. 2012ರಿಂದ ಕರ್ನಾಟಕದಲ್ಲಿ ಅದು ನಡೆಯಿತು. ಆದರೆ ಆಸುಪಾಸಿನಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದಲ್ಲಿ ಆ ಮೀಸಲಾತಿ ಅನ್ವಯಿಸದಂತೆ ಸರ್ಕಾರ ನಿಯಮವನ್ನು ತಿದ್ದಿತು. 2019ರ ಮೇ ತಿಂಗಳಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಸರ್ಕಾರದ ವಾದದಲ್ಲಿ ಅರ್ಥವಿತ್ತು: ತನ್ನ ಶಾಲೆ ಬರಿದಾಗುತ್ತಿರುವಾಗ ಬೊಕ್ಕಸದ ಹಣವನ್ನು ಎದುರಿನ ಶಾಲೆಗೆ ಏಕೆ ಕೊಡಬೇಕು? ಒಳ್ಳೆಯದು. ಆದರೆ ಬಡಮಗುವನ್ನು ತನ್ನ ಶಾಲೆಯಲ್ಲಿಯೇ ಉಳಿಸಿಕೊಂಡ ಸರ್ಕಾರಕ್ಕೆ ಆ ಶಾಲೆಯನ್ನು ನೆಟ್ಟಗಿಡುವ ಋಣ ಇಮ್ಮಡಿಯಾಯಿತು. ಪುಸ್ತಕ, ಸಮವಸ್ತ್ರ, ಮಧ್ಯಾಹ್ನದ ಅನ್ನ, 2013ರಿಂದ ಹಾಲು, ಈಚೆಗೆ ಮೊಟ್ಟೆ — ಇವೆಲ್ಲ ಬಂದಿವೆ. ಇವನ್ನು ಲಘುವಾಗಿ ಕಾಣುವವರು ಹಸಿದ ಮಗುವನ್ನು ನೋಡಿದವರಲ್ಲ. ಇಷ್ಟೆಲ್ಲ ಕೊಟ್ಟವರು ಮೂರನೆಯ ಉಪಾಧ್ಯಾಯರೊಬ್ಬರನ್ನು ಕೊಡಲಾರದೆ ಹೋಗುವುದು ಮಾತ್ರ ನಮಗೆ ತಿಳಿಯದ ಅರ್ಥಶಾಸ್ತ್ರ.

ನಮ್ಮ ಊರಿನ ದೊಡ್ಡ ಕೆರೆಯ ಹೆಸರು ಜನಪದರ ಹಾಡಿನಿಂದಾಗಿ ಕನ್ನಡನಾಡಿಗೆಲ್ಲ ಗೊತ್ತು. ಕೆರೆ ಎಂಬುದು ಎಲ್ಲರದು. ಎಲ್ಲರ ಗದ್ದೆಗೂ ಅದರ ನೀರೇ ಆಧಾರವಾಗಿದ್ದ ಕಾಲದಲ್ಲಿ ಊರಿನ ಗೌಡನೂ ಏರಿಯ ಮೇಲೆ ನಿಂತು ತೂಬು ನೋಡುತ್ತಿದ್ದ. ಉಳ್ಳವರು ಕೊಳವೆ ಬಾವಿ ತೆಗೆಸಿಕೊಂಡ ಮೇಲೆ ನಾಡಿನಲ್ಲಿ ಎಷ್ಟೋ ಕೆರೆಗಳ ಹೂಳನ್ನು ಕೇಳುವವರಿಲ್ಲವಾಯಿತು. ಸರ್ಕಾರಿ ಶಾಲೆಗೆ ಆಗಿರುವುದು ಇದೇ. ತಾಲ್ಲೂಕಿನ ಅಧಿಕಾರಿಗಳ, ವಕೀಲರ, ವರ್ತಕರ, ಪತ್ರಿಕೆಯವರ ಮಕ್ಕಳು ಅಲ್ಲಿಂದ ಹೊರಬಿದ್ದರು. ಸರ್ಕಾರಿ ಶಾಲೆಯ ಉಪಾಧ್ಯಾಯರ ಮಕ್ಕಳೂ ಹೊರಬಿದ್ದರು. ಉಳಿದವರ ತಾಯಿತಂದೆಗಳು ಕಚೇರಿಯ ಬಾಗಿಲಲ್ಲಿ ನಿಂತರೆ ಕುಳಿತುಕೊಳ್ಳಿರೆನ್ನುವವರಿಲ್ಲ. ಹೇಮಾವತಿಯ ನೀರಿಗಾಗಿ ಕುಣಿಗಲ್ಲಿನವರೂ ತುಮಕೂರು ಗುಬ್ಬಿಯವರೂ ಎಷ್ಟು ಹುರುಪಿನಿಂದ ವಾದಿಸಬಲ್ಲರೆಂಬುದನ್ನು ನಾಡು ಕಂಡಿದೆ. ಖಾಲಿ ಬಿದ್ದ ಉಪಾಧ್ಯಾಯರ ಸ್ಥಾನಕ್ಕಾಗಿ ಅದರ ಹತ್ತರಲ್ಲಿ ಒಂದು ಪಾಲು ಹುರುಪನ್ನು ನಾವು ಕಂಡಿಲ್ಲ.

ಅಲಹಾಬಾದಿನ ಹೈಕೋರ್ಟು 2015ರ ಆಗಸ್ಟ್ ತಿಂಗಳಲ್ಲಿ ಒಂದು ವಿಚಿತ್ರವಾದ ಆಜ್ಞೆ ಮಾಡಿತು. ಬೊಕ್ಕಸದಿಂದ ಸಂಬಳ ಪಡೆಯುವವರೆಲ್ಲರೂ ತಮ್ಮ ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗೇ ಕಳುಹಿಸುವಂತೆ ಉತ್ತರ ಪ್ರದೇಶದ ಸರ್ಕಾರ ಏರ್ಪಾಟು ಮಾಡಬೇಕೆಂಬುದು ಅದರ ಸಾರ. ಬಲವಂತದಿಂದ ಇಂತಹ ಕೆಲಸ ಆಗುವುದೆಂದು ನಾವು ನಂಬುವುದಿಲ್ಲ, ಅಲ್ಲಿಯೂ ಆಗಲಿಲ್ಲ. ಆದರೆ ನ್ಯಾಯಾಧೀಶರು ಹಿಡಿದ ನಾಡಿ ಸರಿಯಾಗಿತ್ತು. ಅದಕ್ಕೂ ಬಹು ಹಿಂದೆ, 1964ರಿಂದ 66ರವರೆಗೆ ಕೂತ ಕೊಠಾರಿ ಆಯೋಗ, ಒಂದು ಬಡಾವಣೆಯ ಎಲ್ಲ ಮಕ್ಕಳೂ ಒಂದೇ ನೆರೆಶಾಲೆಗೆ ಹೋಗಲೆಂದು ಹೇಳಿತ್ತು. ಆ ಶಿಫಾರಸನ್ನು ಎಲ್ಲರೂ ಕೊಂಡಾಡಿದರು. ಮಕ್ಕಳನ್ನು ಬೇರೆ ಕಡೆಗೆ ಕಳುಹಿಸಿದರು.

ಹಾಗೆಂದು ಆ ಗುಮಾಸ್ತರ ಮಗಳನ್ನು ಸರ್ಕಾರಿ ಶಾಲೆಯನ್ನು ಉಳಿಸುವ ಆಳಾಗಿ ಮಾಡಲು ನಮಗೆ ಹಕ್ಕಿಲ್ಲ. ನಾಡಿನ ಹಿತಕ್ಕಾಗಿ ನಿನ್ನ ಮಗುವನ್ನು ಇಲ್ಲಿ ಕೂರಿಸು ಎನ್ನುವುದು, ನಮ್ಮ ಮಗನನ್ನು ಬೇರೆ ಕಡೆ ಕೂರಿಸಿದ ನಮ್ಮ ಬಾಯಲ್ಲಿ ಒಪ್ಪುವ ಮಾತೂ ಅಲ್ಲ. ನಾವು ಅವರಿಗೆ ಕೇಳಿದುದು ಒಂದೇ: ತೀರ್ಮಾನಕ್ಕೆ ಮೊದಲು ಗಂಡಹೆಂಡಿರಿಬ್ಬರೂ ರಜೆ ಹಾಕಿ ಎರಡು ಶಾಲೆಗಳಲ್ಲಿಯೂ ಅರ್ಧ ಅರ್ಧ ದಿನ ಕುಳಿತು ಬನ್ನಿ. ಅವಸರ ಬೇಡವೆಂದೂ ಹೇಳಿದೆವು. ಒಂದನೆಯ ತರಗತಿಗೆ ಆರು ತುಂಬಿರಬೇಕೆಂಬುದು ಸರ್ಕಾರದ ನಿಯಮ. 2025-26ನೆಯ ಸಾಲಿಗೆ ಮಾತ್ರ ಅದನ್ನು ಐದು ವರುಷ ಐದು ತಿಂಗಳಿಗೆ ಇಳಿಸಿದ್ದು ಪೋಷಕರ ಆತುರಕ್ಕೆ ಮಣಿದು. ಮೂರು ತಿಂಗಳು ಮೊದಲು ಶಾಲೆ ಸೇರಿದ ಮಗು ಮೂರು ತಿಂಗಳು ಮೊದಲು ವಿದ್ವಾಂಸನಾಗುವುದನ್ನು ನಾವು ಕಂಡಿಲ್ಲ.

ಅವರು ಹೋಗಿ ನೋಡಿದರು. ಖಾಸಗಿ ಶಾಲೆಯ ಕಚೇರಿಯಲ್ಲಿ ಮರ್ಯಾದೆಯಿಂದ ಕೂರಿಸಿ ಶುಲ್ಕದ ಕಾಗದ ಕೊಟ್ಟರು. ತರಗತಿಯಲ್ಲಿ ಕೂರಲು ಒಪ್ಪಲಿಲ್ಲ, ಕಿಟಕಿಯಿಂದ ನೋಡಬಹುದೆಂದರು. ಕೊಠಡಿ ಚೊಕ್ಕಟವಾಗಿತ್ತು. ಒಂದನೆಯ ತರಗತಿಯ ಉಪಾಧ್ಯಾಯಿನಿ ಆ ವರುಷ ಮೂರನೆಯವರು. ಹಳ್ಳಿಯ ಶಾಲೆಯಲ್ಲಿ ಒಬ್ಬ ಉಪಾಧ್ಯಾಯರು ಅಂದು ಬಂದಿರಲಿಲ್ಲ, ಸಭೆಯಿತ್ತಂತೆ. ಶೌಚಾಲಯದ ಬಾಗಿಲು ಮುರಿದಿತ್ತು. ಉಳಿದ ಉಪಾಧ್ಯಾಯಿನಿ ಒಂಬತ್ತು ವರುಷದಿಂದ ಅಲ್ಲಿಯೇ ಇರುವವರು. ಎರಡನೆಯ ತರಗತಿಯ ಹುಡುಗಿಯೊಬ್ಬಳ ಕೈಗೆ ಅಂದಿನ ಪತ್ರಿಕೆ ಕೊಟ್ಟು ಓದಿಸಿ ನೋಡಿರೆಂದು ಅವರೇ ಹೇಳಿದರಂತೆ. ಹುಡುಗಿ ತಡವರಿಸುತ್ತ ಮಳೆಯ ಸುದ್ದಿಯನ್ನು ಓದಿ, ನಮ್ಮೂರಲ್ಲಿ ಬರಲಿಲ್ಲವಲ್ಲ ಎಂದಳಂತೆ. ಆ ಮಾತನ್ನು ನಮಗೆ ಬಂದು ಹೇಳಿದವರು ಗುಮಾಸ್ತರಲ್ಲ, ಅವರ ಹೆಂಡತಿ.

ಮಗುವನ್ನು ಒಂದು ವರುಷದ ಮಟ್ಟಿಗೆ ಹಳ್ಳಿಯ ಶಾಲೆಗೇ ಸೇರಿಸುವುದೆಂದು ಆಕೆ ತೀರ್ಮಾನಿಸಿದ್ದಾರೆ, ಆಮೇಲೆ ನೋಡೋಣವೆಂದಿದ್ದಾರೆ. ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಎಂಬುದೊಂದು 2001ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಉಂಟು, ಅದರಲ್ಲಿ ಪೋಷಕರದೇ ಬಹುಪಾಲು, ಅರ್ಧದಷ್ಟು ಹೆಂಗಸರಿರಬೇಕೆಂದು ಕಾಯಿದೆಯೇ ಹೇಳುತ್ತದೆ ಎಂದು ನಾವು ತಿಳಿಸಿದಾಗ, ಆ ಸಮಿತಿ ಸೇರುವ ದಿನ ಯಾವುದು ಎಂದು ಕೇಳಿದರು. ಶೌಚಾಲಯದ ಬಾಗಿಲನ್ನು ಕುರಿತು ಅರ್ಜಿ ಬರೆದುಕೊಡಬೇಕೆಂದೂ ಕೇಳಿದರು. ಬರೆದುಕೊಟ್ಟೆವು. ನೆರೆಮನೆಯ ಹುಡುಗ ಈಗಲೂ ವ್ಯಾನಿನಲ್ಲಿಯೇ ಹೋಗುತ್ತಿದ್ದಾನೆ.